ನುರಿತವರು ಸಿಗುತ್ತಿಲ್ಲವೋ, ನುರಿತದ್ದು ಉಳಿಯುತ್ತಿಲ್ಲವೋ?

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದಲ್ಲಿ ಉದ್ಯಮಿಗಳ ಸಭೆ ಎಲ್ಲೇ ನಡೆಯಲಿ, ಮರುದಿನದ ವರದಿಯಲ್ಲಿ ಒಂದು ಸಾಲು ತಪ್ಪದೇ ಇರುತ್ತದೆ: ‘ನುರಿತ ಕೆಲಸಗಾರರು ಸಿಗುತ್ತಿಲ್ಲ.’ ಗೋಕುಲ ರಸ್ತೆಯ ಹಳೇ ಶೆಡ್ಡುಗಳಿಂದ ಹಿಡಿದು ತಾರಿಹಾಳ, ಧಾರವಾಡ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದವರೆಗೆ ಇದೇ ದೂರು. ದೂರು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಅದೇ ಶೆಡ್ಡಿನಲ್ಲಿ ಇಪ್ಪತ್ತೈದು-ಮೂವತ್ತು ವರ್ಷ ಕೈ ಪಳಗಿಸಿಕೊಂಡ ಮಿಸ್ತ್ರಿಗಳು ಶಾಲು-ಹಾರ ಹಾಕಿಸಿಕೊಂಡು ಗೇಟು ದಾಟುತ್ತಾರಲ್ಲ, ಅವರ ಬೆನ್ನಿಗೆ ಏನೇನು ಹೊರಗೆ ಹೋಯಿತು ಎಂಬ ಲೆಕ್ಕವನ್ನು ಯಾವ ಸಭೆಯೂ ಕೇಳುವುದಿಲ್ಲ.

ಗುಣಮಟ್ಟ ವಿಭಾಗದಲ್ಲಿ ದುಡಿಯುವವರು, ನಿರ್ವಹಣಾ ಶಾಸ್ತ್ರ ಕಲಿಸುವವರು ಕೆಲವರು ಕೂಡಿ ಈ ಪತ್ರ ಬರೆಯುತ್ತಿದ್ದೇವೆ. ಕಂಪನಿಯ ಸಾಮರ್ಥ್ಯ ಎಂದರೆ ಯಾವ ಯಂತ್ರ ಇದೆ, ಯಾವ ಸರ್ಟಿಫಿಕೇಟ್ ತೂಗುಹಾಕಿದೆ ಎಂಬುದು ಎಂದು ನಮ್ಮಲ್ಲಿ ಗಟ್ಟಿಯಾಗಿ ನಂಬಿದ್ದಾರೆ. ಆದರೆ ನುರಿತ ಮನುಷ್ಯನೊಬ್ಬ ಇವತ್ತು ರಜೆ ಹಾಕಿದರೂ ಕೆಲಸ ನಿನ್ನೆಯ ಗುಣಕ್ಕೇ ಹೊರಬಂದರೆ ಅದನ್ನು ಸಾಮರ್ಥ್ಯ ಎನ್ನಬಹುದು. ಇಲ್ಲವಾದರೆ ಅದು ಆ ಮನುಷ್ಯನ ಸಾಮರ್ಥ್ಯ. ಕಂಪನಿ ಅದನ್ನು ತಿಂಗಳ ಸಂಬಳಕ್ಕೆ ಬಾಡಿಗೆ ಪಡೆದಿದೆ ಅಷ್ಟೇ. ಒಬ್ಬನ ಕೈಗುಣ ಇಡೀ ಕಾರ್ಖಾನೆಯ ಕಸುವಾಗಲು ಒಂದು ದಾರಿ ಇದೆ. ನಮ್ಮ ಕಡೆ ಆ ದಾರಿ ಮೂರು-ನಾಲ್ಕು ಜಾಗದಲ್ಲಿ ಕೊಚ್ಚಿಹೋಗಿದೆ.

ಹುಬ್ಬಳ್ಳಿಗೆ ಹೆಸರು ತಂದ ವಾಲ್ವ್ ಕೆಲಸವನ್ನೇ ನೋಡಿ. ನಾಲ್ಕು ಇಂಚಿನ, ಕ್ಲಾಸ್ 150ರ (ಇದು ಒತ್ತಡ ತಾಳುವ ದರ್ಜೆ) ಕಾರ್ಬನ್ ಸ್ಟೀಲ್ ಗೇಟ್ ವಾಲ್ವ್ ಅಂದುಕೊಳ್ಳೋಣ, ಪೈಪಿನ ಹರಿವನ್ನು ಗೇಟು ಇಳಿಸಿ ತಡೆಯುವಂಥದು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ 598 ಮಾನದಂಡದ ಪ್ರಕಾರ ವಾಲ್ವಿನ ಹೊರಕವಚಕ್ಕೆ (ಬಾಡಿ) 450 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ನೀರಿನ ಒತ್ತಡ ಕೊಟ್ಟು 60 ಸೆಕೆಂಡ್ ಹಿಡಿಯಬೇಕು. ಒಂದು ಹನಿಯೂ ಜಿನುಗಕೂಡದು. ಆಮೇಲೆ ಗೇಟು ಮುಚ್ಚಿ 60ರಿಂದ 100 ಪಿಎಸ್‌ಐ ಗಾಳಿಯಲ್ಲಿ ಸೀಟಿನ (ಗೇಟು ಒತ್ತಿ ಕೂರುವ ಮುಖದ) ಪರೀಕ್ಷೆ. ಲೋಹದ ಸೀಟಾದರೆ ಈ ಅಳತೆಗೆ ನಿಮಿಷಕ್ಕೆ ಇಂತಿಷ್ಟು ಗುಳ್ಳೆಯವರೆಗೆ ಮಾಫಿ ಇದೆ. ಗುಳ್ಳೆ ಅದಕ್ಕಿಂತ ಹೆಚ್ಚು ಬಂದವು ಅನ್ನಿ. ನಮ್ಮ ಬಹುತೇಕ ಘಟಕಗಳಲ್ಲಿ ಮುಂದೆ ಆಗುವುದು ಇಷ್ಟು: ವಾಲ್ವ್ ಬಿಚ್ಚುತ್ತಾರೆ, ಫಿಟ್ಟರ್ ಇನ್ನೊಂದು ಸುತ್ತು ಲ್ಯಾಪಿಂಗ್ (ಪೇಸ್ಟ್ ಹಚ್ಚಿ ಸೀಟನ್ನು ತಿಕ್ಕಿ ಸಮ ಮಾಡುವುದು) ಮಾಡುತ್ತಾನೆ, ಮತ್ತೆ ಪರೀಕ್ಷೆ, ಪಾಸು, ಲಾರಿಗೆ. ದಾಖಲೆಯಲ್ಲಿ ಉಳಿಯುವುದು ಕೊನೆಯ ‘ಪಾಸ್’ ಒಂದೇ. ನಡುವಿನ ಒಂದೂವರೆ ತಾಸು ಎಲ್ಲೂ ಇಲ್ಲ.

ಆ ಒಂದೂವರೆ ತಾಸಿನಲ್ಲೇ ಕಲಿಯಬೇಕಾದ್ದೆಲ್ಲ ಇತ್ತು. ಸೀಟು ಸೋರಲು ಕಾರಣ ಒಂದಲ್ಲ. ಲ್ಯಾಪಿಂಗ್ ಪೇಸ್ಟನ್ನು ಸರಿಯಾಗಿ ತೊಳೆಯದೆ ಬಿಟ್ಟರೆ ಒಂದೆರಡು ಕಣ ಸೀಟಿನ ಮೇಲೇ ಕೂತು ಗೀರು ಹಾಕುತ್ತದೆ. ವೆಜ್ಜು (ಒಳಗೆ ಇಳಿದು ಮುಚ್ಚುವ ಗೇಟು)-ಬಾಡಿ ಜೋಡಿ ಮಾಡಿ ಲ್ಯಾಪ್ ಮಾಡಿದ ಮೇಲೆ ಎರಡಕ್ಕೂ ಒಂದೇ ನಂಬರ್ ಪಂಚ್ ಹೊಡೆಯದಿದ್ದರೆ ಜೋಡಣೆಯ ಮೇಜಿನ ಮೇಲೆ ವೆಜ್ಜುಗಳು ಅದಲುಬದಲಾಗುತ್ತವೆ. ಆಗ ಅರ್ಧ ದಿನದ ಲ್ಯಾಪಿಂಗ್ ನೀರಿನಲ್ಲಿ ಹೋಮ ಮಾಡಿದಂತೆ. ಸೀಟಿನ ಮುಖ ಹೊಡೆಯುವಾಗ ಫಿಕ್ಸ್‌ಚರಿನಲ್ಲಿ (ಜಾಬನ್ನು ಯಂತ್ರದ ಮೇಲೆ ಹಿಡಿದಿಡುವ ಸಾಧನ) ಬಾಡಿಯನ್ನು ಅತಿಯಾಗಿ ಬಿಗಿದಿದ್ದರೆ ಯಂತ್ರದ ಮೇಲೆ ಮುಖ ಸಮ ಇರುತ್ತದೆ, ಬಿಚ್ಚಿದ ಕೂಡಲೇ ಹಿಡಿತ ಸಡಿಲಾಗಿ ಸೊಟ್ಟಗಾಗುತ್ತದೆ. ಬಾನೆಟ್ಟಿನ (ಬಾಡಿಯ ಮೇಲ್ಮುಚ್ಚಳ) ನಟ್ಟುಗಳನ್ನು ಎದುರುಬದುರು ಬಿಗಿಯದೆ ವರ್ತುಲವಾಗಿ ಬಿಗಿದುಕೊಂಡು ಹೋದರೂ ಬಾಡಿ ಎಳೆದುಕೊಳ್ಳುತ್ತದೆ. ಎರಕದಲ್ಲೇ ಸೂಕ್ಷ್ಮ ರಂಧ್ರ ಇರಬಹುದು. ನೋಡಿ, ಐದು ಕಾರಣಕ್ಕೆ ನಾಲ್ಕು ವಿಭಾಗಗಳು ಜವಾಬ್ದಾರ: ಫಿಟ್ಟಿಂಗ್, ಮಶಿನ್ ಶಾಪ್, ಜೋಡಣೆ, ಫೌಂಡ್ರಿ. ಶಿಕ್ಷೆ ಮಾತ್ರ ಎಲ್ಲಕ್ಕೂ ಒಂದೇ, ಫಿಟ್ಟರನ ರಟ್ಟೆಗೆ.

ಬಾವಿ ನೀರು ಉಪ್ಪಾಯಿತೆಂದು ಹಗ್ಗ ಬದಲಿಸಿದ ಹಾಗೆ ಇದು. ತಪ್ಪನ್ನು ಸರಿಪಡಿಸುವುದು ಒಂದು ಬಗೆಯ ಕಲಿಕೆ. ತಪ್ಪು ಹುಟ್ಟುವಂತೆ ಮಾಡಿದ ನಿಯಮವನ್ನೇ ಪ್ರಶ್ನಿಸುವುದು ಇನ್ನೊಂದು. 1970ರ ದಶಕದಲ್ಲಿ ಅಮೆರಿಕದ ಚಿಂತಕರಾದ ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶೋನ್ ಇವೆರಡಕ್ಕೆ ಒಂದು ಸುತ್ತಿನ ಕಲಿಕೆ, ಎರಡು ಸುತ್ತಿನ ಕಲಿಕೆ ಎಂಬರ್ಥದ ಹೆಸರಿಟ್ಟರು. ವಾಲ್ವಿನ ಲೆಕ್ಕದಲ್ಲಿ ಮತ್ತೆ ಲ್ಯಾಪ್ ಮಾಡುವುದು ಮೊದಲನೆಯದು. ‘ಫಿಕ್ಸ್‌ಚರಿಗೆ ಎಷ್ಟು ಬಿಗಿ ಇರಬೇಕೆಂದು ನಾವು ಬರೆದೇ ಇಲ್ಲವಲ್ಲ, ಯಾಕೆ?’ ಎಂದು ಕೇಳುವುದು ಎರಡನೆಯದು. ಮೊದಲನೆಯದು ಎಷ್ಟೇ ಚುರುಕಾಗಿ ನಡೆದರೂ ಕಂಪನಿ ಕಲಿಯುವುದಿಲ್ಲ. ಇನ್ನೂ ಹೇಳಬೇಕೆಂದರೆ, ಫಿಟ್ಟರ್ ಎಷ್ಟು ಜಾಣನೋ ಕಂಪನಿ ಅಷ್ಟು ದಡ್ಡಾಗಿ ಉಳಿಯಬಹುದು. ಅವನೇ ಎಲ್ಲ ಮುಚ್ಚಿಕೊಂಡು ಹೋಗುತ್ತಿರುತ್ತಾನಲ್ಲ.

ಇದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ. ನೂರು ಪುಟದ ಒಂದು ನೋಟುಬುಕ್ಕು, ಐದು ಕಾಲಂ ಸಾಕು: ವಾಲ್ವ್ ನಂಬರ್, ಎರಕದ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಎಂಬ ಗುರುತು), ಯಾವ ಯಂತ್ರ-ಯಾವ ಫಿಕ್ಸ್‌ಚರ್, ಬಿಚ್ಚಿದಾಗ ಕಣ್ಣಿಗೆ ಕಂಡದ್ದು, ಮಾಡಿದ್ದು. ನಾಲ್ಕನೇ ಕಾಲಂ ಮುಖ್ಯ. ‘ಲೀಕ್’ ಎಂದು ಬರೆದರೆ ಪ್ರಯೋಜನವಿಲ್ಲ. ನೀಲಿ ಬಣ್ಣ ಹಚ್ಚಿ ಒತ್ತಿದಾಗ ಗುರುತು ಎಲ್ಲಿ ಹರಿದಿತ್ತು, ಮೇಲೋ ಕೆಳಗೋ, ಎಷ್ಟು ಅಗಲ, ಅದನ್ನು ಬರೆಯಬೇಕು. ಐವತ್ತು ನಮೂದು ತುಂಬಲಿ. ಆಮೇಲೆ ಫಿಕ್ಸ್‌ಚರ್‌ವಾರು ಒಮ್ಮೆ ಎಣಿಸಿ. ಒಂದೇ ಫಿಕ್ಸ್‌ಚರಿನ ಮುಂದೆ ಗೆರೆಗಳು ಗುಂಪಾಗಿ ನಿಂತರೆ ಸಲಹೆಗಾರರನ್ನು ಕರೆಸುವ ಖರ್ಚು ಉಳಿಯಿತು.

ಇನ್ನು ಕೈಗುಣದ ಮಾತು. ಗ್ಲ್ಯಾಂಡ್ ಪ್ಯಾಕಿಂಗ್, ಅಂದರೆ ವಾಲ್ವಿನ ದಂಡದ (ಸ್ಟೆಮ್) ಸುತ್ತ ಸೋರದಂತೆ ರಿಂಗು ತುಂಬುವುದು ನೋಡಲು ಹುಡುಗಾಟದ ಕೆಲಸ. ಹೊಸಬ ಐದೂ ರಿಂಗುಗಳನ್ನು ಒಟ್ಟಿಗೆ ತುರುಕಿ ಮೇಲಿನಿಂದ ಬಿಗಿಯುತ್ತಾನೆ. ಮೇಲಿನ ಎರಡು ರಿಂಗು ಕಲ್ಲಾಗುತ್ತವೆ, ಕೆಳಗಿನವು ಸಡಿಲವೇ ಇರುತ್ತವೆ. ಕಾರ್ಖಾನೆಯ ಪರೀಕ್ಷೆಯಲ್ಲಿ ಪಾಸಾದದ್ದು ಗಿರಾಕಿಯ ಪೈಪ್‌ಲೈನಿನಲ್ಲಿ ತಿಂಗಳೊಳಗೆ ಸೋರುತ್ತದೆ. ಪಳಗಿದವನು ಒಂದೊಂದೇ ರಿಂಗು ಇಳಿಸಿ, ಕೂಡಿಸಿ, ಕತ್ತರಿಸಿದ ಬಾಯಿ ಒಂದರ ಮೇಲೊಂದು ಬರದಂತೆ 90 ಡಿಗ್ರಿ ತಿರುಗಿಸಿ ಇಡುತ್ತಾನೆ. ನಡುನಡುವೆ ಸ್ಟೆಮ್ಮನ್ನು ಆಡಿಸಿ ನೋಡುತ್ತಾನೆ. ಗ್ಲ್ಯಾಂಡಿನ ಎರಡು ನಟ್ಟುಗಳನ್ನು ಆಚೆ ಕಾಲು ಸುತ್ತು, ಈಚೆ ಕಾಲು ಸುತ್ತು ಬಿಗಿಯುತ್ತಾನೆ. ಅವನನ್ನು ಕೂರಿಸಿ ‘ನಿನಗೆ ಗೊತ್ತಿರುವುದನ್ನೆಲ್ಲ ಹೇಳು’ ಎಂದರೆ ‘ಏನಿಲ್ಲ ಸಾರ್, ನೀಟಾಗಿ ಟೈಟ್ ಮಾಡಬೇಕು’ ಎನ್ನುತ್ತಾನೆ. ಮುಚ್ಚಿಡುತ್ತಿದ್ದಾನೆ ಎಂದಲ್ಲ. ಕೈಗೆ ಗೊತ್ತಿರುವುದು ಬಾಯಿಗೆ ಗೊತ್ತಿಲ್ಲ.

ಇದನ್ನು ಹೊರತೆಗೆಯುವ ಹಳೆಯ ಉಪಾಯವೊಂದಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನುಭವವಿಲ್ಲದವರು ಸಾಲುಗಟ್ಟಿ ಬಂದಾಗ ರೂಪಿಸಿದ್ದು. ಯುದ್ಧದ ನಂತರ ಜಪಾನಿನವರು ಅದನ್ನು ಅಪ್ಪಿಕೊಂಡರು. ಈಗ ಬಳಸುವ ಹಾಳೆಯಲ್ಲಿ ಮೂರು ಕಾಲಂ: ಹೆಜ್ಜೆ, ಆ ಹೆಜ್ಜೆಯ ಮರ್ಮ, ಆ ಮರ್ಮಕ್ಕೆ ಕಾರಣ. ಮಿಸ್ತ್ರಿಯನ್ನು ಕೂರಿಸಿ ಕೇಳುವಂತಿಲ್ಲ. ಅವನು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು, ಕೈ ಎಲ್ಲಿ ನಿಧಾನವಾಯಿತು, ಎಲ್ಲಿ ಬಾಗಿ ನೋಡಿದ ಎಂಬುದನ್ನು ಗುರುತು ಮಾಡಿಕೊಂಡು, ಅಲ್ಲಿ ಮಾತ್ರ ‘ಈಗೇಕೆ ನಿಂತಿರಿ?’ ಎಂದು ಕೇಳಬೇಕು. ಒಂದು ಕೆಲಸಕ್ಕೆ ಐದಾರು ಹೆಜ್ಜೆ, ಹೆಜ್ಜೆಗೆ ಒಂದೆರಡು ಮರ್ಮ, ಅಷ್ಟೇ. ಹತ್ತು ಪುಟವಾದರೆ ಯಾರೂ ಓದುವುದಿಲ್ಲ. ಕಾರಣದ ಕಾಲಂ ಖಾಲಿ ಬಿಟ್ಟರಂತೂ ಮೂರೇ ತಿಂಗಳಲ್ಲಿ ಯಾರೋ ‘ಇದ್ಯಾಕೆ ಸುಮ್ಮನೆ’ ಎಂದು ಆ ಹೆಜ್ಜೆಯನ್ನೇ ಹಾರಿಸುತ್ತಾರೆ.

ಈ ಹಾಳೆ ಯಾವ ಭಾಷೆಯಲ್ಲಿರಬೇಕು? ಹುಬ್ಬಳ್ಳಿಯ ಕಾರ್ಖಾನೆಗಳಲ್ಲಿ ಕೆಲಸದ ವಿಧಾನವನ್ನು ಇಂಗ್ಲಿಷಿನಲ್ಲಿ ಬರೆದು, ಲ್ಯಾಮಿನೇಶನ್ ಮಾಡಿಸಿ, ಯಂತ್ರದ ತಲೆಯ ಮೇಲೆ ತೂಗಿಬಿಡುತ್ತಾರೆ. ಅದನ್ನು ಓದುವವನು ವರ್ಷಕ್ಕೊಮ್ಮೆ ಬರುವ ಆಡಿಟರ್ ಒಬ್ಬನೇ. ಶಾಪ್‌ಫ್ಲೋರಿನ ಮಾತಿನಲ್ಲೇ ಬರೆಯಿರಿ: ಜಾಬ್, ಸೆಟ್ಟಿಂಗ್, ಬರ್, ಟೈಟು, ಲೂಸು. ಗ್ರಾಂಥಿಕ ಕನ್ನಡಕ್ಕೂ ನಮ್ಮ ತಕರಾರಿದೆ. ‘ಸ್ಪರ್ಶಮಾಪಕ’ ಎಂದರೆ ಫೀಲರ್ ಗೇಜ್ ಎಂದು ಯಾರಿಗೂ ಹೊಳೆಯುವುದಿಲ್ಲ. ಬೇರೆ ರಾಜ್ಯದ ಹುಡುಗರೂ ಇರುವ ಕಡೆ ಸರಿ-ತಪ್ಪುಗಳ ಎರಡು ಫೋಟೊ ಅಕ್ಕಪಕ್ಕ ಅಂಟಿಸಿ.

ಕಲಿಕೆಗೂ ಖರ್ಚಿಗೂ ಇರುವ ನಂಟನ್ನು ಅಂಕಿಯಲ್ಲಿ ಹಿಡಿದವನು ಅಮೆರಿಕದ ವಿಮಾನ ಎಂಜಿನಿಯರ್ ಟಿ.ಪಿ. ರೈಟ್. ವಿಮಾನದ ಒಟ್ಟು ತಯಾರಿಕೆ ಎರಡು ಪಟ್ಟಾದಾಗಲೆಲ್ಲ ಒಂದು ವಿಮಾನಕ್ಕೆ ತಗಲುವ ಸರಾಸರಿ ದುಡಿಮೆ ಸುಮಾರು ಶೇ 20ರಷ್ಟು ಇಳಿಯುತ್ತದೆ ಎಂದು 1936ರಲ್ಲಿ ತೋರಿಸಿದ. 100 ತಾಸು ಇದ್ದದ್ದು 80, ಆಮೇಲೆ 64, ಆಮೇಲೆ 51. ನಮ್ಮ ಉದ್ಯಮಿಗಳು ಬ್ಯಾಂಕಿನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಈ ಇಳಿಜಾರನ್ನು ಖುಷಿಯಿಂದ ಹಾಕುತ್ತಾರೆ. ಅದರ ಇನ್ನೊಂದು ಮುಖವನ್ನು ಹಾಕುವುದಿಲ್ಲ. 1941ರಿಂದ 45ರವರೆಗೆ ಅಮೆರಿಕದ ಹಡಗುಕಟ್ಟೆಗಳು 2,710 ಲಿಬರ್ಟಿ ಹಡಗುಗಳನ್ನು ಕಟ್ಟಿದವು. ಆ ದಾಖಲೆಗಳನ್ನು ಮತ್ತೆ ಬಿಚ್ಚಿ ನೋಡಿದ 1990ರ ಒಂದು ಅಧ್ಯಯನ, ಕೂಡಿಟ್ಟ ಕಲಿಕೆ ಹಾಗೇ ಕೂತಿರುವುದಿಲ್ಲ, ಬೇಗ ಕರಗುತ್ತದೆ ಎಂದು ತೋರಿಸಿತು. ಹಿಂದೆ ಒಟ್ಟು ಎಷ್ಟು ಕಟ್ಟಿದ್ದಿರಿ ಎಂಬುದಕ್ಕಿಂತ ಇತ್ತೀಚೆಗೆ ಎಷ್ಟು ಕಟ್ಟಿದಿರಿ ಎಂಬುದೇ ಹೆಚ್ಚು ಬೆಲೆಯದು. ವರ್ಷಕ್ಕೆರಡು ಸಲ ಆರ್ಡರ್ ಬರುವ ದೊಡ್ಡ ಅಳತೆಯ ವಾಲ್ವು, ವಿಶೇಷ ಮಿಶ್ರಲೋಹದ ಕೆಲಸ, ಇವೆಲ್ಲ ಪ್ರತಿ ಸಲವೂ ಮೊದಲಿಂದ ಕಲಿತಂತೆಯೇ ಆಗುವುದು ಇದಕ್ಕೇ. ಹಿಂದಿನ ಸಲದ ಸೆಟ್ಟಿಂಗ್ ಹಾಳೆಯನ್ನು ಡ್ರಾಯಿಂಗಿನ ಬೆನ್ನಿಗೇ ಪಿನ್ ಮಾಡಿಟ್ಟರೆ ಈ ನಷ್ಟದ ದೊಡ್ಡ ಪಾಲು ತಪ್ಪುತ್ತದೆ.

ಗದಗಿನ ಮುದ್ರಣಾಲಯಗಳಲ್ಲೂ ಇದೇ ಸೋರಿಕೆ ಸಣ್ಣ ರೂಪದಲ್ಲಿದೆ. ಆಷಾಢದ ಗಾಳಿಗೆ ಕಾಗದ ತೇವ ಹೀರಿ ಹಿಗ್ಗುತ್ತದೆ, ನಾಲ್ಕು ಬಣ್ಣ ಒಂದರ ಮೇಲೊಂದು ಕೂಡುವುದಿಲ್ಲ. ಕಾಗದದ ಬಂಡಲನ್ನು ಕವರು ಬಿಚ್ಚದೆ ಒಂದು ದಿನ ಮೊದಲೇ ಯಂತ್ರದ ಕೋಣೆಯಲ್ಲಿ ಇಟ್ಟು ಅಲ್ಲಿಯ ಉಷ್ಣತೆಗೆ ಹೊಂದಿಸಬೇಕು ಎಂಬುದು ಪ್ರತಿ ಮಳೆಗಾಲದ ಎರಡನೇ ವಾರ ಹೊಸ ಶೋಧವಾಗಿ ಹೊರಬರುತ್ತದೆ. ಕ್ಯಾಲೆಂಡರ್ ಅಚ್ಚು ಹಾಕುವವರ ಗೋಡೆಯ ಕ್ಯಾಲೆಂಡರಿನಲ್ಲಿ ಇಷ್ಟು ಬರೆದಿಡಲು ಜಾಗ ಇಲ್ಲವೇ!

ಹೆಚ್ಚು ಕಷ್ಟದ ಉದಾಹರಣೆ ಹಾವೇರಿ ಜಿಲ್ಲೆಯದು. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆ ದೇಶಕ್ಕೇ ಗೊತ್ತು. ಅದಕ್ಕೆ ಬೇಕಾದ ವಿದ್ಯೆಯೂ ಇಲ್ಲಿನದೇ ಅನ್ನಬೇಕು, ಡಾ. ಬಿ.ಎಚ್. ಕಟರಕಿ ಅವರು ವರಲಕ್ಷ್ಮಿ ಹೈಬ್ರಿಡ್ ಹತ್ತಿಯನ್ನು 1972ರಲ್ಲಿ ಕೊಟ್ಟದ್ದು ಧಾರವಾಡದಿಂದ. ಹೈಬ್ರಿಡ್ ಹತ್ತಿಯ ಬೀಜ ಮಾಡುವುದೆಂದರೆ ಇಂದಿಗೂ ಕೈಕೆಲಸ. ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನ ಮೂರರಿಂದ ಆರರೊಳಗೆ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ದಳ ಮತ್ತು ಕೇಸರದ ಕೊಳವೆಯನ್ನು ಒಟ್ಟಿಗೆ ಸುಲಿದು ತೆಗೆಯಬೇಕು. ಒಳಗಿನ ಶಲಾಕೆಗೆ (ಪರಾಗ ಹಿಡಿಯುವ ಹೆಣ್ಣು ಭಾಗ) ಉಗುರು ತಾಗಕೂಡದು. ಮರುದಿನ ಬೆಳಗ್ಗೆ ಗಂಡು ಸಾಲಿನ ಹೂವಿನ ಪರಾಗ ಮುಟ್ಟಿಸಬೇಕು. ಒಂದು ಗಂಡು ಹೂವು ನಾಲ್ಕೈದಕ್ಕೆ ಸಾಕು. ಹಿಂದಿನ ಸಂಜೆ ಕಣ್ತಪ್ಪಿ ಉಳಿದ ಮೊಗ್ಗು ಹೆಣ್ಣು ಸಾಲಿನಲ್ಲಿ ಅರಳಿದ್ದರೆ ಪರಾಗ ಮುಟ್ಟಿಸುವ ಮೊದಲೇ ಕಿತ್ತೆಸೆಯಬೇಕು. ಒಂದು ಚೂರು ಕೇಸರ ಉಳಿದರೂ ಹೂವು ತನ್ನ ಪರಾಗವನ್ನು ತಾನೇ ಹಿಡಿಯುತ್ತದೆ, ಬೀಜ ಹೈಬ್ರಿಡ್ ಆಗುವುದಿಲ್ಲ.

ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರ ಕೈ ಎಷ್ಟು ಶುದ್ಧ ಎಂಬುದು ತಿಳಿಯುವುದು ಯಾವಾಗ? ಕೊಯ್ಲಾಗಿ, ಬೀಜ ಬೇರೆ ಮಾಡಿ, ಮಾದರಿಯನ್ನು ಬೇರೊಂದು ಹೊಲದಲ್ಲಿ ಬಿತ್ತಿ, ಗಿಡ ಬೆಳೆದು ಗುಣ ತೋರಿಸಿದ ಮೇಲೆ. ಹೈಬ್ರಿಡ್ ಹತ್ತಿಗೆ ಪ್ರಮಾಣೀಕರಣದಲ್ಲಿ ಕನಿಷ್ಠ ಶೇ 90 ಆನುವಂಶಿಕ ಶುದ್ಧತೆ ಬೇಕು. ಲಾಟು ಫೇಲಾಯಿತು ಎಂಬ ಸುದ್ದಿ ಬರುವ ಹೊತ್ತಿಗೆ ಆ ಹೊಲದಲ್ಲಿ ಜೋಳ ನಿಂತಿರುತ್ತದೆ, ಕೂಲಿಯವರು ಬೇರೆ ಊರಿಗೆ ಹೋಗಿರುತ್ತಾರೆ. ಮಾಡಿದ ಕೆಲಸಕ್ಕೂ ಅದರ ಫಲ ಕಾಣುವುದಕ್ಕೂ ನಡುವೆ ಇಷ್ಟು ಅಂತರ ಬಿದ್ದರೆ ಕಲಿಯುವುದಾದರೂ ಹೇಗೆ? ಕಂಪನಿ ರೈತನ ಹಣ ಹಿಡಿಯುತ್ತದೆ, ರೈತ ಮುಂದಿನ ವರ್ಷ ಬೇರೆ ಕಂಪನಿಗೆ ಹೋಗುತ್ತಾನೆ, ಇಬ್ಬರೂ ಏನನ್ನೂ ಕಲಿತಿರುವುದಿಲ್ಲ. ಡಿಎನ್‌ಎ ಪರೀಕ್ಷೆ ಈ ಅಂತರವನ್ನು ತಿಂಗಳುಗಳಿಂದ ದಿನಗಳಿಗೆ ಇಳಿಸಬಲ್ಲದು. ಅದಿಲ್ಲದೆಯೂ ಮಾಡಬಹುದಾದದ್ದಿದೆ: ಹೊಲವನ್ನು ಸಾಲುವಾರು ತಂಡಗಳಿಗೆ ಹಂಚಿ, ತಂಡಕ್ಕೊಂದು ಬಣ್ಣದ ದಾರ ಕೊಟ್ಟು, ಪ್ರತಿ ಸಂಜೆ ಸುಲಿದ ಮೊಗ್ಗುಗಳಲ್ಲಿ ಹತ್ತನ್ನು ಮಸೂರದಲ್ಲಿ ನೋಡಿ ಅಲ್ಲೇ ಹೇಳುವುದು. ಫಲ ಕಾಣಲು ಆರು ತಿಂಗಳು ಬೇಕಿದ್ದರೂ ತಪ್ಪು ಕಾಣಲು ಆರು ತಾಸು ಸಾಕು. ಹಾಗೆ ಹೇಳುವಾಗ ಕೂಲಿ ಕಡಿತದ ಬೆದರಿಕೆ ಹಾಕಿದಿರೋ, ಮರುದಿನದಿಂದ ಕೆಟ್ಟ ಮೊಗ್ಗು ಮಣ್ಣೊಳಗೆ ಹೋಗುತ್ತದೆ, ನಿಮ್ಮ ಮಸೂರದ ಕೆಳಗೆ ಬರುವುದಿಲ್ಲ.

ಇದು ಬೀಜಕ್ಕಷ್ಟೇ ಸೀಮಿತವಲ್ಲ. ತಪ್ಪು ಹೇಳಿದವನನ್ನೇ ಹಿಡಿದು ಗದರಿಸುವ ಕಾರ್ಖಾನೆಯಲ್ಲಿ ಎಷ್ಟು ಫಾರಂ ಅಚ್ಚು ಹಾಕಿಸಿದರೂ ಅವು ಬಿಳಿಯಾಗಿಯೇ ಉಳಿಯುತ್ತವೆ. ಮೀಟಿಂಗ್ ರೂಮಿನಲ್ಲಿ ‘ಎಲ್ಲ ಸರಿ ಇದೆ ಸಾರ್’ ಎಂದವರೇ ಗೇಟಿನಾಚೆ ಗಿರ್ಮಿಟ್ ಗಾಡಿಯ ಬಳಿ ಅಸಲು ಕಾರಣವನ್ನು ಕರಾರುವಾಕ್ಕಾಗಿ ಮಾತಾಡಿಕೊಳ್ಳುತ್ತಾರೆ. ಮ್ಯಾನೇಜರುಗಳು ವಾರಕ್ಕೊಮ್ಮೆ ಅಲ್ಲಿ ನಿಂತು ಚಹಾ ಕುಡಿದರೆ ನಷ್ಟವೇನಿಲ್ಲ.

ಹೊರಗಿನಿಂದ ಜ್ಞಾನ ಕೊಂಡು ತರುವ ವಿಚಾರ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಒಳಗಿನವನ ಸಲಹೆಗೆ ಬೆಲೆಯಿಲ್ಲ, ಪುಣೆಯಿಂದ ಬಂದವನ ಸ್ಲೈಡಿಗೆ ಬೆಲೆ. ಕೊಂಡದ್ದು ದಕ್ಕಬೇಕಾದರೆ ಒಳಗೆ ಅದಕ್ಕೆ ಹೊಂದುವ ತಳಪಾಯದ ತಿಳಿವಳಿಕೆ ಮೊದಲೇ ಇರಬೇಕು ಎಂದು ನಿರ್ವಹಣಾ ಸಂಶೋಧಕರಾದ ಕೋಹೆನ್ ಮತ್ತು ಲೆವಿಂಥಾಲ್ 1990ರಲ್ಲೇ ವಾದಿಸಿದ್ದಾರೆ. ಗೋಕುಲ ರಸ್ತೆಯ ಭಾಷೆಯಲ್ಲಿ ಅದು ಹೀಗೆ: ಸಾಲ ಮಾಡಿ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮಿನಿಂದ ಓಡುವ) ಯಂತ್ರ ತರುತ್ತಾರೆ. ಮಾರಿದವರು ಮೂರು ದಿನ ಒಬ್ಬ ಹುಡುಗನಿಗೆ ಕಲಿಸುತ್ತಾರೆ. ಅವನು ಯಂತ್ರದ ಮುಂದೆಯೇ ಪ್ರೋಗ್ರಾಮ್ ತಿದ್ದುತ್ತ ಹೋಗುತ್ತಾನೆ. ತಿದ್ದಿದ ಪ್ರತಿ ಯಂತ್ರದ ಮೆಮೊರಿಯಲ್ಲಿ ಮಾತ್ರ, ಯಾವ ಟೂಲಿಗೆ ಎಷ್ಟು ಆಫ್‌ಸೆಟ್ (ಅಳತೆಯ ಹೊಂದಾಣಿಕೆ) ಎಂಬುದು ಅವನ ತಲೆಯಲ್ಲಿ ಮಾತ್ರ. ಅನೇಕ ಕಂಟ್ರೋಲರುಗಳಲ್ಲಿ ಮೆಮೊರಿಯನ್ನು ಉಳಿಸುವುದು ಒಂದು ಸಣ್ಣ ಬ್ಯಾಟರಿ. ಅದನ್ನು ಹೊತ್ತಿಗೆ ಸರಿಯಾಗಿ, ಅದೂ ಕಂಟ್ರೋಲರ್ ಚಾಲೂ ಇರುವಾಗಲೇ ಬದಲಿಸಬೇಕು. ಸ್ವಿಚ್ ಆಫ್ ಮಾಡಿ ತೆಗೆದರೆ ಪ್ಯಾರಾಮೀಟರ್, ಪ್ರೋಗ್ರಾಮ್ ಎಲ್ಲ ಅಳಿಸಿಹೋಗುವ ಅಪಾಯವಿದೆ. ಆ ಹುಡುಗ ಎರಡು ಸಾವಿರ ಹೆಚ್ಚಿಗೆ ಕೊಡುವ ಪಕ್ಕದ ಶೆಡ್ಡಿಗೆ ಹೋದನೆಂದರೆ ಕಂಪನಿಯ ಬಳಿ ಉಳಿಯುವುದು ಯಂತ್ರದ ಕಂತು. ಸರಿ ಬಂದ ಪ್ರೋಗ್ರಾಮಿನ ಪ್ರತಿಯನ್ನು ಪ್ರತಿ ಶನಿವಾರ ಹೊರಗೆ ತೆಗೆದಿಡುವುದು, ಏನು ತಿದ್ದಿದೆ-ಯಾಕೆ ತಿದ್ದಿದೆ ಎಂದು ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಬರೆಯುವುದು, ಎರಡನೇ ಒಬ್ಬನನ್ನು ಮೊದಲ ದಿನದಿಂದಲೇ ಪಕ್ಕದಲ್ಲಿ ನಿಲ್ಲಿಸುವುದು: ಮೂರಕ್ಕೂ ದುಡ್ಡು ಬೇಕಿಲ್ಲ.

ಕಲಿತದ್ದು ಗಟ್ಟಿಯಾದರೆ ಸಾಕೇ ಎಂದು ಕೇಳಿದರೆ, ಸಾಲದು. ಗರಗದ ಖಾದಿ, ಬೆಂಗೇರಿಯ ರಾಷ್ಟ್ರಧ್ವಜ ನಮ್ಮ ಜಿಲ್ಲೆಯ ಹೆಮ್ಮೆ. ಬಟ್ಟೆಯ ನೇಯ್ಗೆ, ಬಣ್ಣ, ಅಳತೆ, ಹೊಲಿಗೆ, 24 ಅರಗಳ ಚಕ್ರ, ಎಲ್ಲಕ್ಕೂ ಮಾನಕ ಸಂಸ್ಥೆಯ ನಿಯಮ, 6300×4200 ಮಿ.ಮೀ.ನಿಂದ 150×100 ಮಿ.ಮೀ.ವರೆಗೆ ಒಂಬತ್ತು ಅಳತೆ. ಕೈಗುಣ ಮತ್ತು ಬರೆದಿಟ್ಟ ನಿಯಮ ಹೀಗೆ ಕೂಡಿಬಂದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. ಆದರೆ 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂದು ಪಾಲಿಯೆಸ್ಟರಿಗೂ ಯಂತ್ರದ ಬಟ್ಟೆಗೂ ಬಾಗಿಲು ತೆರೆಯಿತು. ಮಗ್ಗದವರ ಕೈ ಒಂದಿಷ್ಟೂ ಕೆಟ್ಟಿರಲಿಲ್ಲ; ಅದನ್ನು ಕೊಳ್ಳಲೇಬೇಕೆಂಬ ನಿಯಮ ಹೋಯಿತು. ಆ ತಿದ್ದುಪಡಿ ಸರಿಯೋ ತಪ್ಪೋ ಎಂಬ ವಾದ ಬೇರೆ, ಅದರಲ್ಲಿ ನಮ್ಮ ಸಹಾನುಭೂತಿ ಯಾರ ಕಡೆ ಎಂದು ಹೇಳಬೇಕಿಲ್ಲ. ಇಲ್ಲಿ ನೋಡಬೇಕಾದ್ದು ಇದು: ಒಂದನ್ನೇ ಅತ್ಯುತ್ತಮವಾಗಿ ಮಾಡಲು ಕಲಿತಷ್ಟೂ ಇನ್ನೊಂದಕ್ಕೆ ಹೊರಳುವುದು ಕಷ್ಟವಾಗುತ್ತದೆ. ಹೊರಗಿನ ಗಾಳಿ ಬದಲಾದಾಗ ಇರುವ ಕಸುಬನ್ನು ಹೊಸದಾಗಿ ಜೋಡಿಸಿಕೊಳ್ಳುವ ಶಕ್ತಿಯೂ ಒಂದು ಸಾಮರ್ಥ್ಯ, ಅದನ್ನು ಬೇರೆಯಾಗಿಯೇ ಕಲಿಯಬೇಕು ಎಂದು ನಿರ್ವಹಣಾ ಸಂಶೋಧಕ ಡೇವಿಡ್ ಟೀಸ್ ಮತ್ತು ಸಂಗಡಿಗರು 1997ರಿಂದ ಹೇಳುತ್ತ ಬಂದಿದ್ದಾರೆ. ಒಬ್ಬನೇ ದೊಡ್ಡ ಗಿರಾಕಿಗೆ ಒಂದೇ ಬಿಡಿಭಾಗ ಮಾಡಿಕೊಂಡು ಕೂತಿರುವ ಬೇಲೂರಿನ ಸಣ್ಣ ಘಟಕಗಳು ಇದನ್ನು ಎರಡು ಸಲ ಓದಿಕೊಳ್ಳಲಿ. ತಿಂಗಳಿಗೆ ಎರಡು ದಿನವಾದರೂ ಒಂದು ಯಂತ್ರವನ್ನು ಇದುವರೆಗೆ ಮಾಡದ ಕೆಲಸದ ಮಾದರಿಗೆ ಬಿಟ್ಟುಕೊಡಬೇಕು. ಆ ದಿನದ ಉತ್ಪಾದನೆ ಶೂನ್ಯ ಎಂದು ಸೂಪರ್‌ವೈಸರನ ಇನ್ಸೆಂಟಿವ್ ಕತ್ತರಿಸಬಾರದು, ಕತ್ತರಿಸಿದರೆ ಮೂರನೇ ತಿಂಗಳಿಗೆ ಆ ಪದ್ಧತಿ ಸತ್ತಂತೆಯೇ.

ನಲವತ್ತು ಜನರ ಘಟಕವೊಂದು ಈ ಸೋಮವಾರವೇ ಶುರು ಮಾಡಬಹುದಾದದ್ದು ಒಂದು ಚಾರ್ಟ್. ಎಡಕ್ಕೆ ಹೆಸರುಗಳು, ಮೇಲೆ ಕೆಲಸಗಳು, ಪ್ರತಿ ಮನೆಯಲ್ಲಿ ಒಂದು ವೃತ್ತ. ನೋಡಿ ಗೊತ್ತಿದ್ದರೆ ಕಾಲು ತುಂಬಿಸಿ, ಯಾರಾದರೂ ಜೊತೆಗಿದ್ದರೆ ಮಾಡುವವನಾದರೆ ಅರ್ಧ, ಒಬ್ಬನೇ ಮಾಡಿದರೆ ಮುಕ್ಕಾಲು, ಇನ್ನೊಬ್ಬನಿಗೆ ಕಲಿಸಬಲ್ಲವನಾದರೆ ಪೂರ್ತಿ. ವೃತ್ತವನ್ನು ತುಂಬಿಸಬೇಕಾದವರು ಎಚ್‌ಆರ್ ಅಲ್ಲ, ಆ ವಿಭಾಗದ ಹಿರಿಯ ಮಿಸ್ತ್ರಿ. ಕೆಲಸ ಮಾಡಿಸಿ ನೋಡಿ ತುಂಬಿಸಬೇಕು. ಆಮೇಲೆ ಅಡ್ಡಲಾಗಿ ಓದಬೇಡಿ, ಕೆಳಮುಖವಾಗಿ ಓದಿ. ಯಾವ ಕಾಲಂನಲ್ಲಿ ಪೂರ್ತಿ ವೃತ್ತ ಒಂದೇ ಇದೆಯೋ ಅಲ್ಲಿ ಕಂಪನಿಗೆ ಸಾಮರ್ಥ್ಯವಿಲ್ಲ, ಅದೃಷ್ಟವಿದೆ. ಆ ಒಬ್ಬರ ನಿವೃತ್ತಿಗೆ ಎಷ್ಟು ತಿಂಗಳಿದೆ ಎಂದು ಪಕ್ಕದಲ್ಲಿ ಬರೆಯಿರಿ. ಹದಿನೆಂಟು ತಿಂಗಳಿಗಿಂತ ಕಡಿಮೆಯಿದ್ದರೆ ಇಂದೇ ಒಬ್ಬರನ್ನು ಜೋಡಿಸಬೇಕು, ಯಾಕೆಂದರೆ ಅಪರೂಪದ ತೊಡಕುಗಳು ವರ್ಷದಲ್ಲಿ ಒಂದೆರಡು ಸಲವಷ್ಟೇ ಬರುತ್ತವೆ. ಕಡೇ ತಿಂಗಳಲ್ಲಿ ಕಲಿಯ ಹೊರಟವನಿಗೆ ಅವು ಕಾಣಿಸುವುದೇ ಇಲ್ಲ.

ಅಪ್ರೆಂಟಿಸ್ ಕಾಯ್ದೆಯೂ ಇಲ್ಲಿ ನೆರವಿಗಿದೆ. ಗುತ್ತಿಗೆಯವರೂ ಸೇರಿ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಬಹಳ ಕಡೆ ಅವರನ್ನು ಅಗ್ಗದ ಹೆಲ್ಪರುಗಳಾಗಿ ಡಬ್ಬ ಹೊರಿಸುತ್ತಾರೆ. ಅವರನ್ನೇ ಆ ಮೂರು ಕಾಲಂನ ಹಾಳೆ ಬರೆಯಲು ಹಚ್ಚಿ. ಹೊಸ ಕಣ್ಣಿಗೆ ಕಾಣುವ ಮರ್ಮ ಹಳೇ ಕಣ್ಣಿಗೆ ಕಾಣದು. ಐಟಿಐ ಹುಡುಗರಿಗೆ ಬರೆಯಲೂ ಬರುತ್ತದೆ. ಗುತ್ತಿಗೆ ಕಾರ್ಮಿಕರ ಸಂಗತಿ ಕಠಿಣ. ಯಂತ್ರದ ಮುಂದೆ ನಿಜವಾಗಿ ನಿಲ್ಲುವವರು ಅವರು, ಸಮಸ್ಯೆಯ ಸಭೆಗೆ ಕರೆಯುವುದು ಕಾಯಂ ನೌಕರರನ್ನು. ಹನ್ನೊಂದು ತಿಂಗಳಿಗೊಮ್ಮೆ ಮುಖ ಬದಲಿಸುವ ಕಂಪನಿ, ಕಲಿತವರನ್ನು ತಾನೇ ಹೊರಹಾಕಿ ಕೌಶಲದ ಕೊರತೆಯ ಬಗ್ಗೆ ಭಾಷಣ ಮಾಡಿದರೆ, ಕುಣಿಯಲಾರದವರು ನೆಲ ಡೊಂಕೆಂದಂತೆ.

ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 7.1.6 ಎಂಬ ಕಲಮು ಸಂಸ್ಥೆ ತನ್ನ ಜ್ಞಾನವನ್ನು ಗುರುತಿಸಿ, ಕಾಪಾಡಿ, ಬೇಕಾದವರಿಗೆ ಸಿಗುವಂತೆ ಇಡಬೇಕೆನ್ನುತ್ತದೆ. ಸರ್ಟಿಫಿಕೇಟ್ ಇರುವ ಪ್ರತಿ ಘಟಕದಲ್ಲೂ ಅದಕ್ಕೊಂದು ಫೈಲಿದೆ. ಫೈಲು ಬಿಚ್ಚಿದರೆ ತರಬೇತಿಯ ಹಾಜರಿ ಪಟ್ಟಿ, ಸಹಿ, ಗುಂಪು ಫೋಟೊ. ಎಷ್ಟು ತಾಸು ತರಬೇತಿ ಕೊಟ್ಟಿರಿ ಎಂದು ಎಣಿಸುವುದನ್ನು ಬಿಟ್ಟು ಒಂದೇ ತಪ್ಪು ಎಷ್ಟು ಸಲ ಮರಳಿ ಬಂತು ಎಂದು ಎಣಿಸಬೇಕು. ಮೊದಲ ಸಲಕ್ಕೇ ಸರಿಯಾದದ್ದೆಷ್ಟು ಎಂಬುದನ್ನೂ ಹಂತಹಂತಕ್ಕೆ ಎಣಿಸಬೇಕು. ಐದು ಹಂತಗಳಲ್ಲಿ ತಲಾ ನೂರಕ್ಕೆ 95 ಸರಿ ಬಂದರೆ ಪ್ರತಿ ವಿಭಾಗದವನೂ ಮೀಸೆ ತಿರುವುತ್ತಾನೆ. ಗುಣಿಸಿ ನೋಡಿದರೆ ಎಲ್ಲೂ ತಿದ್ದದೆ ಕೊನೆ ಮುಟ್ಟಿದ್ದು ನೂರಕ್ಕೆ 77 ಮಾತ್ರ. ಉಳಿದ 23ನ್ನು ನೇರ ಮಾಡಿದ್ದು ಅದೇ ಹೆಸರಿಲ್ಲದ ಒಂದೂವರೆ ತಾಸು.

ಸಂಪಾದಕರೇ, ಒಂದು ಕೋರಿಕೆ ತಮ್ಮ ವರದಿಗಾರರಿಗೆ. ಮುಂದಿನ ಸಲ ವೇದಿಕೆಯ ಮೇಲಿನಿಂದ ‘ನುರಿತವರು ಸಿಗುತ್ತಿಲ್ಲ’ ಎಂಬ ಮಾತು ಬಂದಾಗ ಅದನ್ನು ಬರೆದುಕೊಂಡ ಮೇಲೆ ಎರಡು ಪ್ರಶ್ನೆ ಕೇಳಲಿ: ನಿಮ್ಮ ಕಾರ್ಖಾನೆಯಲ್ಲಿ ಒಬ್ಬರಿಗೆ ಮಾತ್ರ ಬರುವ ಕೆಲಸಗಳು ಎಷ್ಟು? ಕಳೆದ ವರ್ಷ ನಿವೃತ್ತರಾದವರ ಜಾಗದಲ್ಲಿ ಅವರ ಕೈಕೆಳಗೇ ಕಲಿತವರು ಎಷ್ಟು ಜನ ನಿಂತಿದ್ದಾರೆ? ಉತ್ತರವನ್ನೂ ಅದೇ ವರದಿಯಲ್ಲಿ ಅಚ್ಚು ಹಾಕಿ.

ಇಂತಿ,
ಗುಣಮಟ್ಟ ಎಂಜಿನಿಯರುಗಳು ಮತ್ತು ನಿರ್ವಹಣಾ ಶಾಸ್ತ್ರದ ಅಧ್ಯಾಪಕರು ಕೆಲವರು,
ವಿದ್ಯಾನಗರ, ಹುಬ್ಬಳ್ಳಿ